ಹಳೇ ಲ್ಯಾಪ್‌ಟಾಪಿನ ಸ್ಲಾಟ್, ಆಟದ ಕ್ಯಾಸೆಟ್

ಪ್ರಶ್ನೆ: ಸರ್, ನನ್ನದು 2011ರಲ್ಲಿ ತೆಗೆದುಕೊಂಡ ಲ್ಯಾಪ್‌ಟಾಪ್. ಇರುವ ಯುಎಸ್‌ಬಿ ಪೋರ್ಟ್‌ಗಳೆಲ್ಲ 2.0. ಎಡಬದಿಯಲ್ಲಿ ಒಂದು ಸ್ಲಾಟ್ ಇದೆ, ಒಳಗೆ ಪ್ಲಾಸ್ಟಿಕ್ ತುಂಡೊಂದು ಕೂತಿದೆ. ಅದಕ್ಕೆ ಕಾರ್ಡ್ ಹಾಕಿ ಯುಎಸ್‌ಬಿ 3.0 ಮಾಡಿಕೊಳ್ಳಬಹುದಾ? ಅಪ್ಪ ರೆಕಾರ್ಡ್ ಮಾಡಿಟ್ಟ ಯಕ್ಷಗಾನದ ಮಿನಿ ಡಿವಿ ಕ್ಯಾಸೆಟ್‌ಗಳಿವೆ, ಎಲ್ಲ ಇಡೀ ರಾತ್ರಿಯ ಆಟಗಳು. ಅವನ್ನು ಕಂಪ್ಯೂಟರಿಗೆ ಇಳಿಸಬೇಕು. ಕ್ಯಾಮೆರಾದಿಂದ ವಿಡಿಯೊ ಹೊರಬರುವ ಫೈರ್‌ವೈರ್ ಪೋರ್ಟ್‌ನಿಂದ ಯುಎಸ್‌ಬಿಗೆ ಹಾಕುವ ಕೇಬಲ್ ಆನ್‌ಲೈನ್‌ನಲ್ಲಿ ತರಿಸಿದೆ, ಏನೂ ಬರುವುದಿಲ್ಲ. ಅಂಗಡಿಯವರು ಹೊಸ ಲ್ಯಾಪ್‌ಟಾಪ್ ತೆಗೊಳ್ಳಿ ಅಂತಾರೆ.
– ಓದುಗರೊಬ್ಬರು, ಉಡುಪಿ

ಉತ್ತರ: ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡರೆ ಈ ಕೆಲಸ ಇನ್ನೂ ಕಷ್ಟ ಮಾರಾಯ್ರೆ. ಹೊಸದರಲ್ಲಿ ಆ ಸ್ಲಾಟೇ ಇರುವುದಿಲ್ಲ.

ನಿಮ್ಮದು ಬಹುಶಃ ಎಕ್ಸ್‌ಪ್ರೆಸ್ ಕಾರ್ಡ್ ಸ್ಲಾಟ್, ಅಂದರೆ ಹೊರಗಿನಿಂದ ಕಾರ್ಡ್ ತುರುಕಿ ಹೊಸ ಪೋರ್ಟ್ ಸೇರಿಸಿಕೊಳ್ಳುವ ಜಾಗ. ಆ ಪ್ಲಾಸ್ಟಿಕ್ ತುಂಡು ಧೂಳು ಹೋಗದಂತೆ ಕೊಟ್ಟ ಡಮ್ಮಿ. ಒಮ್ಮೆ ಒಳಕ್ಕೆ ಒತ್ತಿ ಬಿಟ್ಟರೆ ಸಾಮಾನ್ಯವಾಗಿ ಹೊರಗೆ ಬರುತ್ತದೆ. ಟಾರ್ಚ್ ಹಿಡಿದು ಒಳಗೆ ನೋಡಿ. ಎರಡು ಸಾಲು ಸಣ್ಣ ಪಿನ್‌ಗಳು ಕಂಡರೆ ಅದು ಇನ್ನೂ ಹಳೆಯ ಪಿಸಿ ಕಾರ್ಡ್, ಎಕ್ಸ್‌ಪ್ರೆಸ್ ಕಾರ್ಡ್ ಅದರಲ್ಲಿ ಕೂರುವುದಿಲ್ಲ. ಕೆಲವು ಆಫೀಸ್ ಮಾಡೆಲ್‌ಗಳಲ್ಲಿ ಎಟಿಎಂ ಕಾರ್ಡಿನಷ್ಟೇ ಅಗಲದ ಸ್ಮಾರ್ಟ್ ಕಾರ್ಡ್ ಸ್ಲಾಟ್ ಕೂಡ ಇರುತ್ತದೆ, ಅದು ಬೇರೆ. ಎಕ್ಸ್‌ಪ್ರೆಸ್ ಕಾರ್ಡ್‌ನಲ್ಲಿ 34 ಮಿ.ಮೀ. ಮತ್ತು 54 ಮಿ.ಮೀ. ಎಂದು ಎರಡು ಅಗಲಗಳಿವೆ. 34ರದ್ದು ಎರಡೂ ಸ್ಲಾಟಿಗೆ ಆಗುತ್ತದೆ, ಅದನ್ನೇ ಕೊಳ್ಳಿ.

ಈಗ ನಿಮ್ಮ ಕೇಬಲ್ ವಿಷಯ. ಅದರೊಳಗೆ ಬರೀ ತಂತಿ; ಫೈರ್‌ವೈರ್ ಭಾಷೆಯನ್ನು ಯುಎಸ್‌ಬಿ ಭಾಷೆಗೆ ಬದಲಿಸುವ ಚಿಪ್ ಇಲ್ಲ. ಕ್ಯಾಮೆರಾದಲ್ಲೇ ಯುಎಸ್‌ಬಿ ಇದ್ದರೂ ಹೆಚ್ಚಿನವುಗಳಲ್ಲಿ ಅದು ಫೋಟೊ ಇಳಿಸಲಿಕ್ಕೆ ಮಾತ್ರ. ಎಕ್ಸ್‌ಪ್ರೆಸ್ ಕಾರ್ಡ್ ಸ್ಲಾಟ್ ಹಾಗಲ್ಲ. ಅದರಲ್ಲಿ ಯುಎಸ್‌ಬಿ 2.0 ಜೊತೆಗೆ ಪಿಸಿಐ ಎಕ್ಸ್‌ಪ್ರೆಸ್‌ನ (ಕಂಪ್ಯೂಟರಿನ ಒಳಗಿನ ಕಾರ್ಡ್‌ಗಳಿಗೆ ಮಾಹಿತಿ ಸಾಗಿಸುವ ದಾರಿ) ಒಂದು ಲೇನ್ ನೇರವಾಗಿ ಮದರ್‌ಬೋರ್ಡಿನಿಂದ ಬರುತ್ತದೆ. ಹಾಗಾಗಿ ಅಲ್ಲಿ ಕೂರಿಸಿದ ಫೈರ್‌ವೈರ್ ಕಾರ್ಡ್, ಡೆಸ್ಕ್‌ಟಾಪಿನ ಒಳಗೆ ಹಾಕಿದ ಕಾರ್ಡಿನಂತೆಯೇ ಕೆಲಸ ಮಾಡುತ್ತದೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವ ಕಾರ್ಡ್ ಸಿಕ್ಕಿದರೆ ಬೇರೆ ಯೋಚನೆ ಬೇಡ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 7 ಇದ್ದರೆ ಅದನ್ನೇ ಉಳಿಸಿ, ಇಂಟರ್‌ನೆಟ್ ಮಾತ್ರ ಕಳಚಿಡಿ. ಲಿನಕ್ಸ್ ಗೊತ್ತಿದ್ದರೆ ಕ್ಯಾಸೆಟ್ ಇಳಿಸಲು ಡಿವಿಗ್ರಾಬ್ ಎಂಬ ಸಾಫ್ಟ್‌ವೇರ್ ಸಾಕು.

ಯುಎಸ್‌ಬಿ 3.0 ಕಾರ್ಡ್ ಹಾಕಬಹುದು, ಆದರೆ ಈ ಕೆಲಸಕ್ಕೆ ಅದು ಬೇಕಾಗಿಯೇ ಇಲ್ಲ. ಡಿವಿ ವಿಡಿಯೊ ಸೆಕೆಂಡಿಗೆ 3.6 ಎಂಬಿ ಹರಿಯುತ್ತದೆ ಅಷ್ಟೇ, ಗಂಟೆಗೆ ಸುಮಾರು 13 ಜಿಬಿ. ನಿಮ್ಮ ಯುಎಸ್‌ಬಿ 2.0 ನಿಜವಾಗಿ 30 ಎಂಬಿಯಷ್ಟು ಸಾಗಿಸುತ್ತದೆ, ಹೊರಗಿನ ಡಿಸ್ಕಿಗೆ ನೇರವಾಗಿ ರೆಕಾರ್ಡ್ ಮಾಡಲು ಧಾರಾಳ ಸಾಕು. ಎಂಟು ಗಂಟೆಯ ಒಂದು ಆಟ ನೂರು ಜಿಬಿ ದಾಟುತ್ತದೆ, ಡಿಸ್ಕ್ ದೊಡ್ಡದು ತೆಗೆದುಕೊಳ್ಳಿ. ಕ್ಯಾಸೆಟ್ ಎಷ್ಟು ಹೊತ್ತಿನದೋ ಅಷ್ಟು ಹೊತ್ತು ಕೂರಲೇಬೇಕು, ಅದಕ್ಕೆ ಯಾವ ಪೋರ್ಟೂ ಒಳದಾರಿ ಕೊಡುವುದಿಲ್ಲ. (ಬೆಳಗಿನವರೆಗೆ ಆಟ ನೋಡುವವರಿಗೆ ಇದೇನು ಶಿಕ್ಷೆಯಲ್ಲ.) ಮುಂದೆ ಬೇರೆ ಕೆಲಸಕ್ಕೆ ಯುಎಸ್‌ಬಿ 3.0 ಕಾರ್ಡ್ ಕೊಂಡರೂ ಪೂರ್ತಿ ವೇಗ ಸಿಗದು: 2011ರ ಲ್ಯಾಪ್‌ಟಾಪ್‌ಗಳಲ್ಲಿ ಆ ಒಂದು ಲೇನ್, ಚಿಪ್‌ಸೆಟ್ ನೋಡಿಕೊಂಡು, ಸೆಕೆಂಡಿಗೆ 250 ಅಥವಾ 500 ಎಂಬಿಗೆ ನಿಲ್ಲುತ್ತದೆ. ಸ್ಲಾಟಿನಲ್ಲಿ 5 ವೋಲ್ಟ್ ಬರುವುದೂ ಇಲ್ಲ. ಡಿಸ್ಕ್ ತಿರುಗಿಸಲು, ಪಕ್ಕದಿಂದ ಬೇರೆ ಕರೆಂಟ್ ಕೊಡಲು ಜಾಗವಿರುವ ಕಾರ್ಡೇ ಬೇಕು.

ಜೋಡಿಸುವಾಗ ಒಂದು ಎಚ್ಚರಿಕೆ. ಕ್ಯಾಮೆರಾ ಕಡೆ 4 ಪಿನ್, ಕಾರ್ಡ್ ಕಡೆ ಸಾಮಾನ್ಯವಾಗಿ 6 ಪಿನ್. ಕ್ಯಾಮೆರಾ ಆಫ್ ಮಾಡಿಯೇ ಕೇಬಲ್ ಚುಚ್ಚಿ; 6 ಪಿನ್ನಿನದು ತಿರುವುಮುರುವಾಗಿ ತುರುಕಿದರೆ ಕ್ಯಾಮೆರಾದ ಪೋರ್ಟ್ ಸುಟ್ಟುಹೋಗಬಹುದು, ಅದನ್ನು ರಿಪೇರಿ ಮಾಡುವವರು ಈಗ ಸಿಗುವುದು ಅಪರೂಪ. ಅದಕ್ಕಿಂತ ಮೊದಲು ಕ್ಯಾಸೆಟ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ನಮ್ಮ ಕರಾವಳಿಯ ಮಳೆಗಾಲ ಟೇಪಿಗೆ ಫಂಗಸ್ ಹಿಡಿಸುತ್ತದೆ. ಅಂಚಿನಲ್ಲಿ ಬಿಳಿ ಪುಡಿ ಕಂಡದ್ದನ್ನು ಬೇರೆ ಇಡಿ, ಕ್ಯಾಮೆರಾಕ್ಕೆ ಹಾಕಲೇಬೇಡಿ: ಟೇಪ್ ಓದುವ ಹೆಡ್ ಕಟ್ಟಿಕೊಳ್ಳುತ್ತದೆ, ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ.

ಪ್ರಶ್ನೆ: ಗೇರುಬೀಜದ ಕಾರ್ಖಾನೆಯಲ್ಲಿ ತೂಕದ ಯಂತ್ರಕ್ಕೆ 9 ಪಿನ್ನಿನ ಹಳೇ ಸೀರಿಯಲ್ ಕೇಬಲ್ ಇದೆ. ಹೊಸ ಲ್ಯಾಪ್‌ಟಾಪಿನಲ್ಲಿ ಯಾವ ಸ್ಲಾಟೂ ಇಲ್ಲ. ಏನು ಮಾಡುವುದು?
– ಓದುಗರೊಬ್ಬರು, ಮಂಗಳೂರು

ಉತ್ತರ: ನಿಮ್ಮದು ಸುಲಭ. ಸೀರಿಯಲ್ ತೀರಾ ನಿಧಾನದ್ದು, ಒಂದು ಚಿಪ್ ಅದನ್ನು ಯುಎಸ್‌ಬಿಗೆ ಆರಾಮವಾಗಿ ಬದಲಿಸುತ್ತದೆ. ಎಫ್‌ಟಿಡಿಐ ಕಂಪನಿಯ ಚಿಪ್ ಇರುವ ಸೀರಿಯಲ್-ಯುಎಸ್‌ಬಿ ಕೇಬಲ್ ಕೊಳ್ಳಿ. ಬಿಲ್ಲಿಂಗ್ ಸಾಫ್ಟ್‌ವೇರ್ ಹಳೆಯದಾದರೆ ಕಾಮ್ (ಸೀರಿಯಲ್ ಪೋರ್ಟಿಗೆ ವಿಂಡೋಸ್ ಕೊಡುವ ನಂಬರ್) 1ರಿಂದ 4ರವರೆಗೆ ಮಾತ್ರ ಹುಡುಕುವುದುಂಟು. ಡಿವೈಸ್ ಮ್ಯಾನೇಜರ್‌ನಲ್ಲಿ ನಂಬರ್ ಬದಲಿಸಿ, ಆಮೇಲೆ ಯಾವಾಗಲೂ ಅದೇ ಯುಎಸ್‌ಬಿ ಪೋರ್ಟಿಗೆ ಚುಚ್ಚಿ.