ಓದುಗರ ಪ್ರಶ್ನೆ: ‘ಡಾರ್ಕ್’ ಅಂದರೆ ಬರೀ ಕತ್ತಲೆಯೇ?

ಪ್ರಶ್ನೆ: ಡಾರ್ಕ್ ಹಾರ್ಸ್, ಡಾರ್ಕ್ ಮ್ಯಾಟರ್, ಡಾರ್ಕ್ ವೆಬ್ ಎನ್ನುತ್ತಾರಲ್ಲ, ಇವುಗಳಲ್ಲಿ ಕತ್ತಲೆ ಎಲ್ಲಿದೆ?

ಉತ್ತರ: ಈ ಮೂರರಲ್ಲೂ ‘ಡಾರ್ಕ್’ ಎಂದರೆ ನಮಗೆ ಕಾಣದ್ದು, ತಿಳಿಯದ್ದು. ರೇಸಿನಲ್ಲಿ ಯಾವ ಕುದುರೆಯ ತಾಕತ್ತು ಯಾರಿಗೂ ಗೊತ್ತಿಲ್ಲವೋ ಅದೇ ಡಾರ್ಕ್ ಹಾರ್ಸ್. ಮೈಬಣ್ಣ ಬಿಳಿಯಿದ್ದರೂ ಸರಿಯೇ. ರೇಸಿನ ಈ ಮಾತು ರಾಜಕೀಯಕ್ಕೂ ಬಂತು. 1844ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಮುಂಚೂಣಿಯಲ್ಲಿದ್ದವರಿಗೆ ಮೂರನೇ ಎರಡರಷ್ಟು ಮತ ಕೂಡಿಬರಲಿಲ್ಲ. ಯಾರೂ ಲೆಕ್ಕಕ್ಕೆ ಹಿಡಿಯದ ಜೇಮ್ಸ್ ಪೋಕ್ ಒಂಬತ್ತನೇ ಸುತ್ತಿನಲ್ಲಿ ಅಭ್ಯರ್ಥಿಯಾಗಿ, ಅಧ್ಯಕ್ಷರೂ ಆದರು. ಆದ್ದರಿಂದ ಗೆಲ್ಲುತ್ತಾರೆಂದು ಎಲ್ಲರೂ ನಂಬಿದ್ದವರೇ ಗೆದ್ದಾಗ ಈ ಮಾತು ಹೊಂದುವುದಿಲ್ಲ. ಪತ್ರಿಕೆಗಳ ಕ್ರೀಡಾಪುಟದಲ್ಲಿ ಈ ತಪ್ಪು ಆಗಾಗ ಕಾಣುತ್ತದೆ.

ಡಾರ್ಕ್ ಮ್ಯಾಟರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1933ರಲ್ಲಿ ಖಗೋಳ ವಿಜ್ಞಾನಿ ಫ್ರಿಟ್ಸ್ ಜ್ವಿಕಿ ಕೋಮಾ ಎಂಬ ಗ್ಯಾಲಕ್ಸಿ ಗುಚ್ಛವನ್ನು ಅಳೆದು ನೋಡಿದರು. ಅಲ್ಲಿನ ಗ್ಯಾಲಕ್ಸಿಗಳು ಓಡುವ ವೇಗಕ್ಕೆ, ಕಣ್ಣಿಗೆ ಕಾಣುವ ದ್ರವ್ಯದ ಗುರುತ್ವ ಅವನ್ನು ಹಿಡಿದಿಡಲು ಸಾಲದು. ಉಳಿದ ಗುರುತ್ವ ಎಲ್ಲಿಂದ ಬರುತ್ತಿದೆ? ಆ ಕಾಣದ ದ್ರವ್ಯಕ್ಕೆ ಈ ಹೆಸರು. ಅದನ್ನು ‘ಕಪ್ಪು ದ್ರವ್ಯ’ ಎನ್ನುವುದು ದಾರಿ ತಪ್ಪಿಸುತ್ತದೆ. ಕಪ್ಪು ವಸ್ತು ಬೆಳಕನ್ನು ಹೀರಿ ತನ್ನ ಹಿಂದಿನದನ್ನು ಮರೆಮಾಡುತ್ತದೆ. ಇದಾದರೋ ಬೆಳಕನ್ನು ಹೊಮ್ಮಿಸುವುದೂ ಇಲ್ಲ, ಹೀರುವುದೂ ಇಲ್ಲ, ಬೆಳಕು ಇದರ ಮೂಲಕ ಹಾಗೇ ಹಾದುಹೋಗುತ್ತದೆ. ‘ಅಗೋಚರ ದ್ರವ್ಯ’ ಎಂದರೆ ಅರ್ಥಕ್ಕೆ ಹೆಚ್ಚು ಹತ್ತಿರ.

ಡಾರ್ಕ್ ವೆಬ್ ಎಂದರೆ ಅಂತರ್ಜಾಲದ ಬಚ್ಚಿಟ್ಟ ಭಾಗ. ಅಲ್ಲಿಗೆ ಹೋಗಲು ಟಾರ್‌ನಂಥ ವಿಶೇಷ ತಂತ್ರಾಂಶ ಬೇಕು. ಸರ್ಚ್ ಎಂಜಿನ್‌ಗೆ ಸಿಗದ್ದೆಲ್ಲ ಡಾರ್ಕ್ ವೆಬ್ ಅಲ್ಲ. ಪಾಸ್‌ವರ್ಡ್ ಹಿಂದಿರುವ ನಿಮ್ಮ ಇಮೇಲ್ ಪೆಟ್ಟಿಗೆ ಡೀಪ್ ವೆಬ್, ಅಂದರೆ ಸರ್ಚ್ ಎಂಜಿನ್‌ಗೆ ಸಿಗದ ಭಾಗ, ಅಷ್ಟೇ.

ಪ್ರಶ್ನೆ: ‘ಕತ್ತಲಾಗುತ್ತಿದೆ’ ಎನ್ನಲು ‘ಡಾರ್ಕ್‌ನೆಸ್ ಈಸ್ ಕಮಿಂಗ್’ ಎಂದರೆ ತಪ್ಪೇ?

ಉತ್ತರ: ವ್ಯಾಕರಣ ಸರಿಯಿದೆ, ಆದರೆ ಕೇಳಿದವರಿಗೆ ಏನೋ ಕೇಡು ಬರುತ್ತಿದೆ ಎಂದೇ ಅನ್ನಿಸುತ್ತದೆ. ಸಂಜೆಯ ಮಾತಿಗೆ ‘ಇಟ್ಸ್ ಗೆಟಿಂಗ್ ಡಾರ್ಕ್’ ಸಾಕು. ‘ಕತ್ತಲಾದ ಮೇಲೆ’ ಎನ್ನಲು ‘ಆಫ್ಟರ್ ಡಾರ್ಕ್’. ನಡುವೆ ‘ದ’ ಸೇರಿಸಬಾರದು. ‘ಇನ್ ದ ಡಾರ್ಕ್’ ಎನ್ನುವಾಗ ಮಾತ್ರ ‘ದ’ ಬೇಕೇ ಬೇಕು. ಅದಕ್ಕೆ ಎರಡು ಅರ್ಥ: ಕತ್ತಲಲ್ಲಿ ಎಂಬುದೊಂದು, ವಿಷಯ ಗೊತ್ತಿಲ್ಲದೆ ಎಂಬುದು ಇನ್ನೊಂದು. ‘ದೇ ಕೆಪ್ಟ್ ಮಿ ಇನ್ ದ ಡಾರ್ಕ್’ ಎಂದವರನ್ನು ಯಾರೂ ಕತ್ತಲ ಕೋಣೆಯಲ್ಲಿ ಕೂಡಿಹಾಕಿರುವುದಿಲ್ಲ, ಅವರಿಂದ ಸಂಗತಿ ಮುಚ್ಚಿಟ್ಟಿದ್ದಾರೆ.

ಉಚ್ಚಾರವನ್ನೂ ಗಮನಿಸಿ. ‘ಡಾರ್ಕ್ ರೂಮ್’ ಎರಡು ಪದವಾಗಿ, ‘ರೂಮ್’ ಮೇಲೆ ಒತ್ತು ಕೊಟ್ಟರೆ ಬೆಳಕಿಲ್ಲದ ಯಾವುದೇ ಕೋಣೆ. ಒಂದೇ ಪದವಾಗಿ, ‘ಡಾರ್ಕ್’ ಮೇಲೆ ಒತ್ತು ಬಿದ್ದರೆ ಫೋಟೊ ತೊಳೆಯುವ ಕೋಣೆ. ಅಲ್ಲಿ ಕೆಂಪು ದೀಪ ಉರಿಯುತ್ತಿರಲೂಬಹುದು, ಏಕೆಂದರೆ ಸಾಮಾನ್ಯ ಕಪ್ಪು-ಬಿಳುಪು ಫೋಟೊ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲ.

ಪ್ರಶ್ನೆ: ಕಪ್ಪು ಕಣ್ಣುಗಳು ಎನ್ನಲು ‘ಬ್ಲ್ಯಾಕ್ ಐಸ್’ ಎಂದು ಬರೆದುದಕ್ಕೆ ಶಿಕ್ಷಕರು ‘ಡಾರ್ಕ್ ಐಸ್’ ಎಂದು ತಿದ್ದಿದ್ದಾರೆ. ಯಾಕೆ?

ಉತ್ತರ: ಇಂಗ್ಲಿಷಿನಲ್ಲಿ ‘ಬ್ಲ್ಯಾಕ್ ಐ’ ಎಂದರೆ ಏಟು ಬಿದ್ದು ಸುತ್ತ ಕಂದಿದ ಕಣ್ಣು. ನಾವು ಕಪ್ಪು ಎನ್ನುವ ಕಣ್ಣಿನ ಬಣ್ಣ ಸಾಮಾನ್ಯವಾಗಿ ಕಡು ಕಂದು. ಅದಕ್ಕೆ ‘ಡಾರ್ಕ್’ ಸರಿ. ಬಣ್ಣದ ಹೆಸರಿನ ಮುಂದೆ ಬಂದಾಗಲೂ ಅದು ನಮ್ಮ ‘ಕಡು’ವಿನ ಕೆಲಸ ಮಾಡುತ್ತದೆ: ‘ಡಾರ್ಕ್ ಬ್ಲೂ’ ಕಡುನೀಲಿ, ಅದರ ಎದುರು ‘ಲೈಟ್ ಬ್ಲೂ’.

ಪ್ರಶ್ನೆ: ಡಾರ್ಕ್ ಮೋಡ್ ಹಾಕಿದರೆ ಬ್ಯಾಟರಿ ಉಳಿಯುತ್ತದೆಯೇ?

ಉತ್ತರ: ಪ್ರತಿ ಬಿಂದುವೂ ತಾನೇ ಬೆಳಗುವ ಓಎಲ್ಇಡಿ ಪರದೆಯಾದರೆ ಉಳಿಯುತ್ತದೆ, ಅಲ್ಲಿ ಕಪ್ಪು ಬಿಂದುಗಳು ಆರಿಯೇ ಇರುತ್ತವೆ. ಸಾಮಾನ್ಯ ಎಲ್‌ಸಿಡಿಯಲ್ಲಿ ಹಿಂದಿನ ದೀಪ ಉರಿಯುತ್ತಲೇ ಇರುವುದರಿಂದ ಹೇಳಿಕೊಳ್ಳುವಂಥ ಉಳಿತಾಯವಿಲ್ಲ.