ಲ್ಯಾಪ್‌ಟಾಪ್‌ನಲ್ಲಿ ಪಾಸ್, ಗಿಟ್‌ಹಬ್‌ನಲ್ಲಿ ಫೇಲ್

ಪ್ರಶ್ನೆ: ಮೂವರು ಸೇರಿ ನೋಡ್‌ಜೆಎಸ್ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸಿ ಕ್ಲಿನಿಕ್‌ಗಳ ಅಪಾಯಿಂಟ್‌ಮೆಂಟ್ ವೆಬ್‌ಸೈಟ್ ಮಾಡಿದ್ದೇವೆ. ಟೆಸ್ಟ್‌ಗಳು ಲ್ಯಾಪ್‌ಟಾಪ್‌ನಲ್ಲಿ ಪಾಸ್. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ (ಟೆಸ್ಟ್‌ಗಳನ್ನು ಗಿಟ್‌ಹಬ್‌ನ ಯಂತ್ರದಲ್ಲಿ ತಾನೇ ಓಡಿಸುವ ಸೇವೆ) ಮಾತ್ರ 10:00 ಬರಬೇಕಾದ ಕಡೆ 04:30 ಬರುತ್ತದೆ. ಒಮ್ಮೊಮ್ಮೆ ಡೇಟಾಬೇಸ್ ಕನೆಕ್ಷನ್ನೇ ಸಿಗುವುದಿಲ್ಲ. ಈ ಟೆಸ್ಟ್‌ಗಳನ್ನು ಬಿಟ್ಟು ಡಿಪ್ಲಾಯ್ ಮಾಡಬಹುದೇ (ಸರ್ವರ್‌ಗೆ ಹಾಕಬಹುದೇ)?

ಉತ್ತರ: ದಯವಿಟ್ಟು ಬಿಡಬೇಡಿ. ಆಕ್ಷನ್ಸ್‌ನ ಯಂತ್ರದ ಗಡಿಯಾರ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ, ನಿಮ್ಮ ಲ್ಯಾಪ್‌ಟಾಪಿನದು ಭಾರತದ ಸಮಯದಲ್ಲಿ. ಆ ಐದೂವರೆ ಗಂಟೆಯ ವ್ಯತ್ಯಾಸವೇ ಈ 04:30. ಬಾಡಿಗೆ ಸರ್ವರ್‌ಗಳೂ ಸಾಮಾನ್ಯವಾಗಿ ಯುಟಿಸಿಯಲ್ಲೇ ಇರುವುದರಿಂದ ನಾಳೆ ರೋಗಿಗೂ ಇದೇ ತಪ್ಪು ಸಮಯ ಕಾಣಿಸುತ್ತದೆ. ಆಕ್ಷನ್ಸ್‌ಗೆ ಹಂತಗಳನ್ನು ಹೇಳುವ ವರ್ಕ್‌ಫ್ಲೋ ಫೈಲಿನಲ್ಲಿ ಟೈಮ್‌ಝೋನ್ ಬದಲಿಸಿದರೆ ಟೆಸ್ಟ್ ಪಾಸಾಗುತ್ತದೆ, ದೋಷ ಮಾತ್ರ ಉಳಿಯುತ್ತದೆ. ಡೇಟಾಬೇಸಿನಲ್ಲಿ ಸಮಯವನ್ನು 'ಟೈಮ್‌ಸ್ಟ್ಯಾಂಪ್ ವಿತ್ ಟೈಮ್‌ಝೋನ್' ಬಗೆಯ ಕಾಲಮ್‌ನಲ್ಲಿ ಇಡಿ. ತೋರಿಸುವ ಕಡೆ 'ಏಷ್ಯಾ/ಕೋಲ್ಕತಾ' ಎಂದು ಕೋಡಿನಲ್ಲೇ ಹೇಳಿ.

ಎರಡನೆಯದು, ಅಂದರೆ ಕನೆಕ್ಷನ್ ಸಿಗದಿರುವುದು, ಆತುರದ ತೊಂದರೆ. ಪೋಸ್ಟ್‌ಗ್ರೆಸ್ ಕಂಟೇನರ್ (ಟೆಸ್ಟ್‌ಗಾಗಿ ಪ್ರತ್ಯೇಕವಾಗಿ ಓಡುವ ಡೇಟಾಬೇಸ್) ಎದ್ದ ತಕ್ಷಣ ಕನೆಕ್ಷನ್ ತೆಗೆದುಕೊಳ್ಳುವುದಿಲ್ಲ, ಟೆಸ್ಟ್‌ಗಳು ಅದಕ್ಕೆ ಮುಂಚೆಯೇ ಶುರುವಾಗುತ್ತವೆ. ಡೇಟಾಬೇಸ್ ಸರ್ವಿಸ್‌ಗೆ ಅದು ಸಿದ್ಧವೇ ಎಂದು ನೋಡುವ ಹೆಲ್ತ್ ಚೆಕ್ ಸೇರಿಸಿ: 'ಪಿಜಿ ಈಸ್‌ರೆಡಿ' (pg_isready) ಆಜ್ಞೆ, 10 ಸೆಕೆಂಡಿಗೊಮ್ಮೆ, 5 ಸಲ. ಪೋಸ್ಟ್‌ಗ್ರೆಸ್‌ನ 5432 ಪೋರ್ಟ್ ಮ್ಯಾಪ್ ಆಗಿದೆಯೇ ಎಂದೂ ನೋಡಿ. ಪ್ಯಾಕೇಜ್‌ಗಳಿಗೆ 'ಎನ್‌ಪಿಎಂ ಇನ್‌ಸ್ಟಾಲ್' ಬೇಡ, 'ಎನ್‌ಪಿಎಂ ಸಿಐ' ಬಳಸಿ. ಅದು ಲಾಕ್ ಫೈಲಿನಲ್ಲಿ (ಪ್ಯಾಕೇಜ್‌ಗಳ ನಿಖರ ಆವೃತ್ತಿಗಳ ಪಟ್ಟಿ) ಇರುವ ಆವೃತ್ತಿಗಳನ್ನೇ ಹಾಕುತ್ತದೆ, ಅದು package.json ಫೈಲಿಗೆ ಹೊಂದದಿದ್ದರೆ ಅಲ್ಲೇ ನಿಲ್ಲುತ್ತದೆ.

ಡಿಪ್ಲಾಯ್ ಜಾಬ್ ಟೆಸ್ಟ್ ಜಾಬಿನ ಮೇಲೆ ಅವಲಂಬಿಸಿರಲಿ, ಮೇನ್ ಬ್ರಾಂಚ್‌ಗೆ ಮಾತ್ರ ಓಡಲಿ. ಇಬ್ಬರು ಒಟ್ಟಿಗೆ ಮರ್ಜ್ ಮಾಡಿದಾಗ ಡಿಪ್ಲಾಯ್‌ಗಳು ಒಂದರ ಮೇಲೊಂದು ಬೀಳದಂತೆ ಕನ್‌ಕರೆನ್ಸಿ ಗುಂಪು ಕೊಡಿ. ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೀ ಗಿಟ್‌ಹಬ್‌ನ ಸೀಕ್ರೆಟ್ಸ್‌ನಲ್ಲಿರಲಿ. ಅದು ಎಲ್ಲ ಅಧಿಕಾರವಿರುವ ರೂಟ್‌ದಲ್ಲ, ಡಿಪ್ಲಾಯ್‌ಗೆಂದೇ ಮಾಡಿದ ಬೇರೆ ಯೂಸರ್‌ನದಾಗಿರಬೇಕು.

ಪ್ರಶ್ನೆ: ಡಿಪ್ಲಾಯ್ ಕೈಕೊಟ್ಟರೆ ಹಳೆಯ ಆವೃತ್ತಿಗೆ ಮರಳುವುದು ಹೇಗೆ?

ಉತ್ತರ: ಓಡುತ್ತಿರುವ ಫೋಲ್ಡರಿನಲ್ಲೇ ಗಿಟ್ ಪುಲ್ ಮಾಡಬೇಡಿ. ಪ್ರತಿ ಸಲ ಹೊಸ ಫೋಲ್ಡರಿಗೆ ಕೋಡ್ ಇಳಿಸಿ, ಎಲ್ಲ ಸಿದ್ಧವಾದ ಮೇಲೆ 'ಕರೆಂಟ್' ಎಂಬ ಸಿಮ್‌ಲಿಂಕನ್ನು (ಇನ್ನೊಂದು ಫೋಲ್ಡರಿನತ್ತ ತೋರಿಸುವ ಕೊಂಡಿ) ಅದರತ್ತ ತಿರುಗಿಸಿ ಸರ್ವಿಸ್ ರೀಸ್ಟಾರ್ಟ್ ಮಾಡಿ. ಹೆಲ್ತ್ ಪುಟ 200 (ಎಲ್ಲ ಸರಿ ಎಂಬ ಸಂಕೇತ) ಕೊಡದಿದ್ದರೆ ಸ್ಕ್ರಿಪ್ಟ್ ತಾನೇ ಲಿಂಕನ್ನು ಹಿಂದಕ್ಕೆ ತಿರುಗಿಸಿ ಮತ್ತೆ ರೀಸ್ಟಾರ್ಟ್ ಮಾಡಲಿ.

ಹೀಗೆ ಮರಳುವುದು ಕೋಡ್ ಮಾತ್ರ, ಡೇಟಾಬೇಸ್ ಅಲ್ಲ. ಹೊಸ ಮೈಗ್ರೇಷನ್ (ಡೇಟಾಬೇಸಿನ ರಚನೆ ಬದಲಿಸುವ ಸ್ಕ್ರಿಪ್ಟ್) ಒಂದು ಕಾಲಮ್ ಅಳಿಸಿದ್ದರೆ ಹಳೆಯ ಕೋಡ್ ಅದನ್ನು ಹುಡುಕಿ ಬೀಳುತ್ತದೆ. ಆದ್ದರಿಂದ ಮೊದಲ ಡಿಪ್ಲಾಯ್‌ನಲ್ಲಿ ಕೋಡ್ ಆ ಕಾಲಮ್ ಮುಟ್ಟುವುದನ್ನು ನಿಲ್ಲಿಸಿ. ಕೆಲವು ದಿನ ಸರಿಯಾಗಿ ನಡೆದ ಮೇಲೆ ಇನ್ನೊಂದು ಡಿಪ್ಲಾಯ್‌ನಲ್ಲಿ ಅಳಿಸಿ.