ಓದುಗರ ಪ್ರಶ್ನೆ: ಲಕ್ಷದ್ವೀಪದಲ್ಲಿ ಮತ ಒಡೆಯುವುದೆಲ್ಲಿ?

ಪ್ರಶ್ನೆ: ಲಕ್ಷದ್ವೀಪದಲ್ಲಿ ಹೆಚ್ಚುಕಮ್ಮಿ ಎಲ್ಲರೂ ಮುಸ್ಲಿಮರು, ಪರಿಶಿಷ್ಟ ಪಂಗಡದವರು. ಹಾಗಿದ್ದರೆ ಚುನಾವಣೆಯಲ್ಲಿ ಮತ ಯಾವ ಲೆಕ್ಕದಲ್ಲಿ ಹಂಚಿಹೋಗುತ್ತದೆ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ನಮ್ಮ ಕಡೆಯ ಜಾತಿ ಲೆಕ್ಕಾಚಾರ ಅಲ್ಲಿ ನಡೆಯುವುದಿಲ್ಲ. 2011ರ ಜನಗಣತಿಯಲ್ಲಿ 64,473 ಜನ, ಅದರಲ್ಲಿ ಸುಮಾರು ಶೇ. 95 ಪರಿಶಿಷ್ಟ ಪಂಗಡ. ಎಲ್ಲರಿಗೂ ಒಂದೇ ಆಗಿರುವುದು ಯಾರನ್ನೂ ಬೇರ್ಪಡಿಸುವುದಿಲ್ಲವಲ್ಲ! ಆದ್ದರಿಂದ ಯಾವ ದ್ವೀಪ, ಯಾವ ಮನೆತನ, ಅಭ್ಯರ್ಥಿ ಎಲ್ಲಿಯವರು ಎಂಬುದನ್ನು ನೋಡಬೇಕು. ಭಾಷೆಯೂ ಇದೆ: ಮಿನಿಕಾಯ್ ದ್ವೀಪದವರದು ಮಹಲ್ ಭಾಷೆ, ಉಳಿದೆಡೆ ಮಲಯಾಳಂ ಬಗೆಗಳು. ಅಲ್ಲಿನ ಸಂಸದರಾಗಿದ್ದ ಪಿ.ಎಂ. ಸಯೀದ್ 1967ರಿಂದ ಲೋಕಸಭೆಗೆ ಸತತ 10 ಸಲ ಗೆದ್ದು, 2004ರಲ್ಲಿ ಬರೀ 71 ಮತಗಳಿಂದ ಸೋತರು. ಇಷ್ಟು ಚಿಕ್ಕ ಕ್ಷೇತ್ರದಲ್ಲಿ ಒಂದೆರಡು ದೊಡ್ಡ ಕುಟುಂಬ ಮಗ್ಗುಲು ಬದಲಿಸಿದರೂ ಸಾಕು.

ನೀವೇ ನೋಡಬೇಕೆಂದರೆ ಚುನಾವಣಾ ಆಯೋಗದ ನಮೂನೆ 20 ತೆಗೆಯಿರಿ. ಮತಗಟ್ಟೆವಾರು ಮತ ಅದರಲ್ಲಿರುತ್ತದೆ. ಮತಗಟ್ಟೆ ಪಟ್ಟಿ ಪಕ್ಕಕ್ಕಿಟ್ಟು ದ್ವೀಪವಾರು ಕೂಡಿ. ಅಂಚೆ ಮತ ಕೊನೆಯಲ್ಲಿ ಪ್ರತ್ಯೇಕವಾಗಿರುತ್ತದೆ, ಅದನ್ನು ಯಾವ ದ್ವೀಪಕ್ಕೂ ಸೇರಿಸಬೇಡಿ. ಬಹಳ ಜನ ಎಡವುವುದು ಶೇಕಡಾವಾರಿನಲ್ಲಿ: 2011ರಲ್ಲಿ 271 ಜನರಿದ್ದ ಬಿಟ್ರಾ ದ್ವೀಪದಲ್ಲಿ ಹತ್ತು ಮತ ಅತ್ತಿತ್ತಾದರೂ ದೊಡ್ಡ ಅಲೆಯಂತೆ ಕಾಣುತ್ತದೆ. ಮತಗಳ ಸಂಖ್ಯೆಯನ್ನೇ ಹೋಲಿಸಿ.